ಕೌದಿ ಹೊಲಿದು ಉಡುಗೊರೆ ಉದ್ಯಮ ಆರಂಭಿಸುವ ಬಗೆ

ನನ್ನ ಮೊದಲ ಬಾಣಂತನದಲ್ಲಿ ಅವ್ವ ತನ್ನ ಹಳೆಯ ಹತ್ತಿ ಸೀರೆಗಳಿಂದ ಪದರ ಪದರವಾಗಿ ಹೊಲಿದುಕೊಟ್ಟ ಪುಟ್ಟ ಹೊದಿಕೆ, ಅಂದರೆ ಕೌದಿಯೇ ಕಲಬುರಗಿಯಲ್ಲಿ ನಾನು ತೊಟ್ಟಿಲ ಉಡುಗೊರೆಗಳನ್ನು ಸಿದ್ಧಪಡಿಸಿ ಮಾರಲು ಪ್ರೇರಣೆಯಾಯಿತು. ಇಂಥ ಉದ್ಯಮ ಆರಂಭಿಸುವವರು ಹತ್ತಾರು ವಸ್ತುಗಳಿಗೆ ಕೈಹಾಕದೆ, ತಾವು ಚೆನ್ನಾಗಿ ಬಲ್ಲ ಒಂದನ್ನೇ ಆರಿಸಿಕೊಳ್ಳಬೇಕು.

ಕೌದಿಗೆ ಬಟ್ಟೆಯ ಆಯ್ಕೆಯೇ ಮುಖ್ಯ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯನ್ನೇ ಬಳಸಬೇಕು. ಪಾಲಿಯೆಸ್ಟರ್ ಬೆವರನ್ನು ಸರಿಯಾಗಿ ಹೀರದ ಕಾರಣ ನಮ್ಮ ಭಾಗದ ಬೇಸಿಗೆಯಲ್ಲಿ ಕೂಸಿಗೆ ಹಿತವಾಗದು. ಬಣ್ಣ ಬಿಡುತ್ತದೆಯೇ ಎಂದು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಪದರಗಳನ್ನು ಸುಕ್ಕಿಲ್ಲದಂತೆ ಹರಡಿ, ಅಂಚಿನಿಂದ ನಡುವಿನತ್ತ ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕುತ್ತ ಬರಬೇಕು. ದಾರದ ಗಂಟುಗಳು ಪದರದೊಳಗೆ ಅಡಗಿರಲಿ. ಜರಿ, ಗುಂಡಿ, ಮಣಿಗಳು ಬೇಡವೇ ಬೇಡ. ಗಿರಾಕಿಗಳು ತಮ್ಮ ಮನೆಯ ಸೀರೆಯನ್ನೇ ತಂದುಕೊಟ್ಟರೆ, ಸೆರಗು ಎಲ್ಲಿ, ಅಂಚು ಎಲ್ಲಿ ಬರಬೇಕೆಂದು ಕತ್ತರಿ ಹಿಡಿಯುವ ಮುನ್ನ ಅವರನ್ನು ಕೇಳಿಕೊಳ್ಳಿ.

ಬೆಲೆ ಕಟ್ಟುವಾಗ ಬಟ್ಟೆ, ದಾರಗಳ ಖರ್ಚಿನೊಂದಿಗೆ ಹೊಲಿದ ತಾಸುಗಳ ಕೂಲಿಯನ್ನೂ ಸೇರಿಸಲೇಬೇಕು. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ರೂಢಿಯನ್ನು ನಾನು ಒಪ್ಪುವುದಿಲ್ಲ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಉಚಿತ. ಬಂಡವಾಳ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ಅಡಮಾನವಿಲ್ಲದೆ ಬ್ಯಾಂಕಿನಲ್ಲಿ ಅರ್ಜಿ ಸಲ್ಲಿಸಬಹುದು.