ಬೀಚ್ ಸಸಿಗೆ ಕಾಡುಮಣ್ಣಿನ ಹೆಪ್ಪು: ನ್ಯೂಜಿಲೆಂಡ್‌ನಲ್ಲಿ ನನ್ನ ಅನುಭವ

ಹುಲ್ಲುಗಾವಲಾಗಿದ್ದ ಜಾಗದಲ್ಲಿ ಬೀಜದಿಂದ ಎಬ್ಬಿಸಿದ ರೆಡ್ ಬೀಚ್ (ಕಡಲತೀರವಲ್ಲ, ಇಲ್ಲಿನ ಒಂದು ಕಾಡುಮರ) ನಿಲ್ಲುವುದಿಲ್ಲ, ಕಾಡಿನಲ್ಲಿ ತಾನಾಗಿ ಹುಟ್ಟಿದ ಸಸಿ ಕಿತ್ತು ನೆಡುವುದೊಂದೇ ದಾರಿ ಎಂಬ ಮಾತು ದಕ್ಷಿಣ ದ್ವೀಪದ ಕ್ಯಾಂಟರ್ಬರಿ ಪ್ರಾಂತ್ಯದ ನರ್ಸರಿಗಳಲ್ಲಿ ಬಹಳ ಕೇಳಿದ್ದೇನೆ. ಆದರೆ ಬೀಜದಿಂದಲೇ ಎಬ್ಬಿಸಿದ ನನ್ನ ಸಸಿಗಳು ಆಳೆತ್ತರ ದಾಟಿವೆ. ನೆಟ್ಟ ಹತ್ತರಲ್ಲಿ ಏಳೆಂಟು ಉಳಿದಿವೆ. ಗೊಬ್ಬರ ಹೆಚ್ಚಿಸಿ ಆದದ್ದಲ್ಲ ಇದು, ಬೇರಿಗೆ ಅಣಬೆ ಕೂಡಿಸಿ ಆದದ್ದು.

ಮೊದಲು ಬೀಜ. ಒಂದು ತಂಪು ಬೇಸಿಗೆ, ಅದರ ಬೆನ್ನಿಗೇ ಒಂದು ಬಿಸಿ ಬೇಸಿಗೆ ಬಂದರೆ ಮರುವರ್ಷ ಬೀಚ್ ಸುರಿದು ಕಾಯುತ್ತದೆ. 2019ರಲ್ಲಿ ಹಾಗೆ ಸುರಿದಿತ್ತು. ಕಾಯದ ವರ್ಷದಲ್ಲಿ ಬೀಜ ಆಯುವುದು ವ್ಯರ್ಥ, ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಜೊಳ್ಳು. ಮಾರ್ಚ್‌ನಿಂದ ಮೇ ತನಕ, ಅಂದರೆ ಇಲ್ಲಿನ ಶರತ್ಕಾಲದಲ್ಲಿ, ಕಾಡಂಚಿನ ಮರಗಳಡಿ ಶೇಡ್‌ನೆಟ್ ಹಾಸಿದರೆ ಸಾಕು. ವಾರಕ್ಕೊಮ್ಮೆ ಎತ್ತದಿದ್ದರೆ ಇಲಿಗಳು ಮುಗಿಸುತ್ತವೆ. ಸಂರಕ್ಷಣಾ ಇಲಾಖೆಯ ಕಾಡಾದರೆ ಬೀಜಕ್ಕೂ ಮಣ್ಣಿಗೂ ಪರವಾನಗಿ ಬೇಕು, ಅರ್ಜಿಯನ್ನು ಬಹಳ ಮುಂಚೆಯೇ ಹಾಕಿಡಿ.

ರಾತ್ರಿಯಿಡೀ ನೆನೆಸಿದರೆ ಗಟ್ಟಿಕಾಳು ಹೆಚ್ಚಾಗಿ ಮುಳುಗುತ್ತವೆ. ಆದರೂ ಅದನ್ನೇ ನಂಬಬೇಡಿ. ಪ್ರತಿ ಚೀಲದಿಂದ ಒಂದಿಪ್ಪತ್ತು ಬೀಜ ಬ್ಲೇಡಿನಲ್ಲಿ ಸೀಳಿ ನೋಡಿ, ಒಳಗೆ ಬಿಳಿ ತಿರುಳು ತುಂಬಿರಬೇಕು. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಐದಾರು ವಾರ ಇಟ್ಟು, ಆಗಸ್ಟ್ ಕೊನೆಗೆ ಬಿತ್ತಿ, ಮೇಲೆ ಎರಡು ಮೂರು ಮಿಲಿಮೀಟರ್ ಸಣ್ಣ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲಿನ ಪುಡಿ) ಉದುರಿಸುತ್ತೇನೆ. ಮೊಳಕೆಗೆ ತಿಂಗಳು ಹಿಡಿಯುತ್ತದೆ.

ತೊಂದರೆ ಶುರುವಾಗುವುದು ಮೊಳಕೆಯ ನಂತರ. ಪೈನ್ ತೊಗಟೆ, ಪ್ಯೂಮಿಸ್ ಮಿಶ್ರಣದಲ್ಲಿ ಮಾತ್ರ ಬೆಳೆದ ಸಸಿ ಎರಡು ಬೆರಳಷ್ಟು ಎದ್ದು ನಿಂತುಬಿಡುತ್ತದೆ, ಎಲೆ ನೇರಳೆ ತಿರುಗುತ್ತದೆ. ಅದು ರಂಜಕದ ಕೊರತೆ. ನಿಧಾನವಾಗಿ ಕರಗುವ ಗೊಬ್ಬರ ಪೂರ್ತಿ ಪ್ರಮಾಣದಲ್ಲಿ ಕೊಟ್ಟರೆ ಹಸಿರಾಗುತ್ತದೆ, ಮಾರುವಷ್ಟು ಚೆಂದವೂ ಕಾಣುತ್ತದೆ, ಹೊಲಕ್ಕೆ ಹೋದ ಮೊದಲ ಬೇಸಿಗೆಗೇ ಸಾಯುತ್ತದೆ. ಅಂಥ ಒಂದು ತಂಡದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಸಸಿಗೆ ಹೆಚ್ಚುಕಡಿಮೆ ಎರಡು ಡಾಲರ್ ಬಿದ್ದಿತ್ತು, ಸಸಿಯ ಸುತ್ತ ತೊಡಿಸುವ ಕಾವಲು ಕೊಳವೆ, ಕೂಲಿ ಸೇರಿ ಏಳೆಂಟು. ಸಾವಿರ ಸಸಿಗೆ ಲೆಕ್ಕ ಹಾಕಿಕೊಳ್ಳಿ.

ಮಣ್ಣಿನ ರಂಜಕವನ್ನು ಬೇರಿಗೆ ದಾಟಿಸಿ ಕೊಡುವುದು ಬೇರಿನೊಡನೆ ಬಾಳುವ ಅಣಬೆ, ಅಂದರೆ ಶಿಲೀಂಧ್ರ. ಹುಲ್ಲಿನ ಬೇರಿನಲ್ಲಿರುವ ಶಿಲೀಂಧ್ರ ಬೇರೆ ಜಾತಿಯದು, ಬೀಚ್‌ಗೆ ಒಗ್ಗುವುದಿಲ್ಲ. ಬೀಚ್‌ಗೆ ಬೇಕಾದದ್ದು ಬೇರಿನ ತುದಿಗೆ ಕವಚ ಹಾಕಿ ಕೂರುವಂಥದ್ದು. ಹಾಲಿಗೆ ಹೆಪ್ಪು ಹಾಕುವಂತೆ ಅದನ್ನು ಹೊರಗಿನಿಂದಲೇ ತಂದು ಹಾಕಬೇಕು. ಆರೋಗ್ಯವಾಗಿರುವ ಬೀಚ್ ಮರದಡಿ ತರಗೆಲೆ ಸರಿಸಿ, ಮೇಲಿನ ಐದರಿಂದ ಹತ್ತು ಸೆಂಟಿಮೀಟರ್ ಮಣ್ಣನ್ನು ಎಳೆಬೇರಿನ ಸಮೇತ ತೆಗೆಯಿರಿ. ಲೆನ್ಸ್‌ನಲ್ಲಿ ನೋಡಿದರೆ ಬೇರಿನ ತುದಿಗಳು ಮೊಂಡಾಗಿ ಊದಿಕೊಂಡು, ಕೆಲವು ಬಿಳಿ, ಕೆಲವು ಹಳದಿ, ಕೆಲವು ಇದ್ದಿಲಿನಷ್ಟು ಕಪ್ಪಾಗಿ ಕಾಣಬೇಕು. ಕಪ್ಪಗಿರುವುದು ಸಾಮಾನ್ಯವಾಗಿ ಸೆನೊಕಾಕಮ್ ಎಂಬ ಶಿಲೀಂಧ್ರ. ತುದಿ ತೆಳ್ಳಗೆ, ನಯವಾಗಿದ್ದರೆ ಆ ಮಣ್ಣು ಬೇಡ. ಒಂಬತ್ತು ಪಾಲು ಮಿಶ್ರಣಕ್ಕೆ ಒಂದು ಪಾಲು, ತಂದ ಎರಡು ಮೂರು ದಿನದೊಳಗೆ ಬೆರೆಸಬೇಕು. ಬಿಸಿಲಿಗೆ ಒಣಗಿಸಿದರೂ, ಹಬೆಯಲ್ಲಿ ಬೇಯಿಸಿದರೂ ಸತ್ತ ಮಣ್ಣು. ಬೇರು ಕೊಳೆಸುವ ಫೈಟಾಫ್ತೊರ ರೋಗಾಣುವಿನ ಭಯ ಇದ್ದೇ ಇದೆ, ಹಾಗಾಗಿ ನೆಡುವ ಊರಿನ ಕಾಡಿನದೇ ಮಣ್ಣು ಬಳಸಿ, ದೂರದ್ದು ಬೇಡ. ಗೊಬ್ಬರ ಚೀಲದ ಮೇಲೆ ಬರೆದ ಪ್ರಮಾಣದ ಕಾಲು ಭಾಗ ಮಾತ್ರ. ಬೇರಿಗೆ ಇಳಿಯುವ ಶಿಲೀಂಧ್ರನಾಶಕ ಸುರಿದರೆ ಮಾಡಿದ ಕೆಲಸವೆಲ್ಲ ಹಾಳು. ಹೀಗೆ ಬೆಳೆದ ಸಸಿ ಮೊದಲ ಶರತ್ಕಾಲಕ್ಕೆ ಗೇಣುದ್ದ ಇರುತ್ತದೆ.

ಈಗ ನಾನು ಪ್ರತಿ ತಂಡಕ್ಕೂ ಕಾಡಿನ ಮಣ್ಣು ಅಗೆಯುವುದಿಲ್ಲ. ಹಿಂದಿನ ವರ್ಷದ ಒಂದೊಂದು ಸಸಿಯಿಂದ ಹೊಸ ಟ್ರೇಗೆ ಹೆಪ್ಪು ದಾಟಿಸುತ್ತೇನೆ. ಅದನ್ನು ಯಾವ ತಿಂಗಳು, ಟ್ರೇಯ ಯಾವ ಜಾಗದಲ್ಲಿ ಇಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಕಾಡಿನ ನೇರಳೆ ಅಣಬೆಗಳನ್ನು ಅರೆದು ನೀರಲ್ಲಿ ಕಲಸಿ ಹೊಯ್ದದ್ದೂ ಇದೆ. ಕಾರ್ಟಿನೇರಿಯಸ್ ಗುಂಪಿನ ಆ ಅಣಬೆಗಳು ಎಳೆಸಸಿಗೆ ಕಚ್ಚಲೇ ಇಲ್ಲ. ಲ್ಯಾಕೇರಿಯ ಎಂಬ ಅಣಬೆ ಮಾತ್ರ ತಾನಾಗಿಯೇ ಬಂದು ಕುಂಡದ ತೂತಿನಲ್ಲಿ ಕೊಡೆ ಬಿಚ್ಚಿತು.

ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯ ವೆಸ್ಟ್‌ಲೆಂಡ್‌ನ ನಕ್ಷೆ ನೋಡಿದವರಿಗೆ, ತಕ್ಕ ಶಿಲೀಂಧ್ರವಿಲ್ಲದೆ ಬೀಚ್ ಏಳುವುದಿಲ್ಲ ಎಂಬುದರಲ್ಲಿ ಅಚ್ಚರಿಯೇನೂ ಇರಲಾರದು. ಟಾರಮಕಾವು ನದಿಯಿಂದ ಪರಿಂಗ ತನಕ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಬೀಚ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಿಮಯುಗದ ಹಿಮನದಿಗಳು ಗುಡಿಸಿಕೊಂಡು ಹೋದದ್ದು ಎಂಬುದೇ ಹೆಚ್ಚಿನವರ ವಿವರಣೆ, ಅದಾಗಿ ಹತ್ತು ಸಾವಿರ ವರ್ಷಕ್ಕೂ ಮೇಲಾಯಿತು. ಬೀಜ ತಾಯಿಮರದ ಹತ್ತಿರವೇ ಬೀಳುತ್ತದೆ, ಬಿದ್ದಲ್ಲಿ ತಕ್ಕ ಶಿಲೀಂಧ್ರವೂ ಇರಬೇಕು, ಹಾಗಾಗಿ ಕಾಡಿನ ಅಂಚು ತೆವಳಿಕೊಂಡೇ ಮುಂದೆ ಸಾಗುತ್ತದೆ. ಹಾಗೆಂದು ಬೀಚ್ ಸಮುದ್ರ ದಾಟಲೇ ಇಲ್ಲ ಎನ್ನುವಂತಿಲ್ಲ. ಗೊಂಡ್ವಾನ ಎಂಬ ಪುರಾತನ ಮಹಾಖಂಡ ಒಡೆದಾಗ ಸಿಕ್ಕ ಪಾಲೇ ಇಲ್ಲಿನ ಬೀಚ್ ಎಂದು ಬಹುಕಾಲ ನಂಬಿದ್ದರು. 2005ರಲ್ಲಿ ಬಂದ ಡಿಎನ್‌ಎ ಲೆಕ್ಕಗಳ ಪ್ರಕಾರ ಇಲ್ಲಿನ ಸಿಲ್ವರ್ ಬೀಚ್ ಮತ್ತು ಆಸ್ಟ್ರೇಲಿಯದ ಟಾಸ್ಮೇನಿಯದ ಮಿರ್ಟಲ್ ಬೀಚ್ ಬೇರೆಯಾದದ್ದು ನಡುವಿನ ಟಾಸ್ಮನ್ ಸಮುದ್ರ ಬಾಯ್ತೆರೆದು ಎಷ್ಟೋ ಕೋಟಿ ವರ್ಷಗಳಾದ ಮೇಲೆ. ಕೊಂಬೆಯ ಗಂಟಿನಿಂದ ಕಿತ್ತಳೆ ಗೋಲಿಗಳಂತೆ ಹೊರಡುವ ಸಿಟೇರಿಯ ಕುಲದ ಅಣಬೆ ಈ ಎರಡರ ಮೇಲೂ ಬರುತ್ತದೆ, ರೆಡ್ ಬೀಚ್ ಮೇಲೆ ಬರುವುದಿಲ್ಲ.

ನೆಡುವುದಕ್ಕೆ ಬಯಲಿಗಿಂತ ಕಾನುಕ ಎಂಬ ಇಲ್ಲಿನ ಕಾಡುಗಿಡದ ಪೊದೆಗಳ ನಡುವಿನ ಜಾಗ ಮೇಲು. ಕಾನುಕದ ಬೇರಿನಲ್ಲೂ ಕವಚದ ಶಿಲೀಂಧ್ರಗಳಿವೆ, ಕೆಲವು ಬೀಚ್‌ಗೂ ಹೊಂದುತ್ತವೆ. ಅದರ ಮಣ್ಣನ್ನೇ ಹೆಪ್ಪಾಗಿ ಹಾಕಿ ನೋಡಿದೆ: ಸಸಿ ಬದುಕಿತು, ಬೆಳವಣಿಗೆ ಬೀಚ್ ಮಣ್ಣಿನದಕ್ಕಿಂತ ನಿಧಾನ. ರೆಡ್ ಬೀಚ್ ಎಳೆಯದಿದ್ದಾಗ ಇಬ್ಬನಿ ಹೆಪ್ಪುಗಟ್ಟುವ ಚಳಿ ತಾಳದು, ಪೊದೆಯ ನೆರಳು ಅದನ್ನೂ ತಡೆಯುತ್ತದೆ. ಸಸಿಯ ನೆತ್ತಿಗೆ ಬೆಳಕು ಬೀಳುವಷ್ಟು ಕೊಂಬೆ ಕಡಿದು, ಸುತ್ತ ಮೀಟರ್ ಅಗಲ ಹುಲ್ಲು ತೆಗೆದು, ಬೇರುಂಡೆ ಒಡೆಯದಂತೆ ಸೆಪ್ಟೆಂಬರ್‌ನಲ್ಲಿ ನೆಡುತ್ತೇನೆ. ಮೊಲದ ಕಾಟಕ್ಕೆ ಮೊಣಕಾಲೆತ್ತರದ ಕೊಳವೆ ಸಾಲದು, ಕಾಡುಮೊಲ ನಿಂತು ತುದಿ ಕತ್ತರಿಸುತ್ತದೆ. ಸೊಂಟದೆತ್ತರದ್ದೇ ಬೇಕು.