ಮರ ಹತ್ತಿ ಕೊಂಬೆ ಕಡಿಯೋ ಕೆಲಸ: ಏನೇನ್ ಸಾಮಾನು ಬೇಕು, ದಿನಕ್ಕೆ ಅದು ಎಷ್ಟು ತಿನ್ನುತ್ತೆ

ಈ ಕೆಲಸಕ್ಕೆ ಹೊಸದಾಗಿ ಇಳಿಯೋರು ಮೊದಲು ಕೇಳೋದು ಒಂದೇ ಪ್ರಶ್ನೆ, ಯಾವ ಚೈನ್‌ಸಾ, ಅಂದ್ರೆ ಮೋಟಾರಿಂದ ಓಡೋ ಚೈನ್ ಗರಗಸ, ತಗೊಳ್ಳಲಿ ಅಂತ. ಚೈನ್‌ಸಾ ತಗೊಳ್ಳೋದು ಸುಲಭದ ಭಾಗ, ಒಂದ್ಸಲ ದುಡ್ಡು ಕೊಟ್ರೆ ಮುಗೀತು. ಕೈ ಸುಡೋದು ಆಮೇಲೆ, ಚೈನು, ಚೈನ್ ಓಡೋ ಉದ್ದ ಪಟ್ಟಿ ಅಂದ್ರೆ ಬಾರು, ಆಯಿಲು ಹಗ್ಗ ಪ್ಯಾಂಟು ಬ್ಲೇಡು ಅಂತ ಚಿಲ್ಲರೆ ಚಿಲ್ಲರೆಯಾಗಿ ಹೋಗ್ತಾನೇ ಇರುತ್ತೆ. ಮೊದಲನೇ ವರ್ಷ ನಾನು ಪೆಟ್ರೋಲು, ಜೊತೆಗಾರನ ಕೂಲಿ, ಗಾಡಿ ಖರ್ಚು ಇಷ್ಟನ್ನೇ ಲೆಕ್ಕ ಹಾಕಿ ರೇಟ್ ಹೇಳ್ತಿದ್ದೆ, ಕೈಯಲ್ಲಿ ದುಡ್ಡು ಓಡಾಡ್ತಿತ್ತು ಅಂತ ಲಾಭ ಅಂದ್ಕೊಂಡಿದ್ದೆ, ಹತ್ತೋ ಹಗ್ಗ ಬದಲಾಯಿಸೋ ಹೊತ್ತಿಗೆ ನೋಡಿದ್ರೆ ಜೇಬು ಖಾಲಿ. ಹಗ್ಗದ ದುಡ್ಡನ್ನ ನಾನು ಆಗ್ಲೇ ತಿಂದುಬಿಟ್ಟಿದ್ದೆ.

ಅದಕ್ಕೇ ಯಾವ ಸಾಮಾನೇ ಆಗ್ಲಿ ಎರಡು ಪ್ರಶ್ನೆ ಕೇಳ್ಕೊಳ್ಳಿ. ಇದು ನನ್ನ ಮೈಯನ್ನ ಹಿಡಿಯೋ ಸಾಮಾನಾ, ಮರವನ್ನ ಕಡಿಯೋ ಸಾಮಾನಾ? ಮತ್ತೆ, ಇದು ಎಷ್ಟು ಕೆಲಸದ ದಿನ ಬಾಳುತ್ತೆ? ಮೈ ಹಿಡಿಯೋದ್ರಲ್ಲಿ ಜಿಪುಣತನ ಬೇಡ, ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ, ಯಾಕಂದ್ರೆ ಆ ಹಗ್ಗ ಯಾವ ಕೆಮಿಕಲ್ ಕುಡಿದಿದ್ಯೋ, ಆ ಹಾರ್ನೆಸ್, ಅಂದ್ರೆ ಮೈಗೆ ಕಟ್ಕೊಳ್ಳೋ ಬೆಲ್ಟು, ಯಾರು ಎಲ್ಲಿಂದ ಬಿದ್ದಾಗ ತಡೆದಿದ್ಯೋ ನೋಡಿದ್ರೆ ಗೊತ್ತಾಗಲ್ಲ. ಕಡಿಯೋ ಸಾಮಾನು ಬೇಕಾದ್ರೆ ಹಳೇದು ತಗೊಳ್ಳಿ, ರಿಪೇರಿ ಮಾಡ್ಕೊಳ್ಳಿ, ಅದು ಕೈಕೊಟ್ರೆ ಕೆಲಸ ನಿಲ್ಲುತ್ತೆ ಅಷ್ಟೇ.

ಮೈ ಹಿಡಿಯೋ ಸಾಮಾನು

ಹೆಲ್ಮೆಟ್ಟಿಂದ ಶುರು ಮಾಡೋಣ. ನೆಲದ ಮೇಲೆ ಕೆಲಸ ಮಾಡೋರ ಸಾಮಾನ್ಯ ಹೆಲ್ಮೆಟ್ಟಿನ ಗದ್ದದ ಪಟ್ಟಿ ಜೋರಾಗಿ ಎಳೆದ್ರೆ ಬಿಟ್ಕೊಳ್ಳೋ ತರ ಮಾಡಿರ್ತಾರೆ, ಹತ್ತೋರದ್ದು ಬಿಟ್ಕೊಳ್ಳಬಾರದು. ಮೇಲಿಂದ ಜಾರಿ ಬಿದ್ದಾಗ ಹೆಲ್ಮೆಟ್ ತಲೆ ಮೇಲೇ ಇರ್ಬೇಕಲ್ವಾ, ಅದಕ್ಕೆ ಹತ್ತೋ ಕೆಲಸದ್ದೇ ಅಂತ ಕೇಳಿ ತಗೊಳ್ಳಿ. ಅದಕ್ಕೇ ಕೂರೋ ಇಯರ್ ಮಫ್ ಮತ್ತು ಜಾಲರಿ ವೈಸರ್ ಬೇಕು. ಚೈನ್‌ಸಾ ಸದ್ದು ಕಿವಿ ಹತ್ರ 100 ಡೆಸಿಬಲ್ ದಾಟುತ್ತೆ, ಇವತ್ತು ಏನೂ ಅನ್ಸಲ್ಲ, ಹತ್ತು ವರ್ಷ ಆದ್ಮೇಲೆ ಮನೆಯವರು ಕರೆದ್ರೂ ಕೇಳಲ್ಲ.

ಚೈನ್‌ಸಾ ಪ್ಯಾಂಟಿನ ಒಳಗೆ ಉದ್ದುದ್ದ ನಾರಿನ ಪದರ ಇರುತ್ತೆ. ಚೈನ್ ತಾಗಿದ ತಕ್ಷಣ ಆ ನಾರು ಎಳ್ಕೊಂಡು ಬಂದು ಚೈನ್ ತಿರುಗಿಸೋ ಹಲ್ಲಿನ ಚಕ್ರ ಅಂದ್ರೆ ಸ್ಪ್ರಾಕೆಟ್ಟಿಗೆ ಸುತ್ಕೊಂಡು ಚೈನನ್ನ ನಿಲ್ಲಿಸುತ್ತೆ. ಟೈಪ್ ಎ ಅಂದ್ರೆ ಮುಂದೆ ಮಾತ್ರ, ಟೈಪ್ ಸಿ ಅಂದ್ರೆ ಸುತ್ತಲೂ. ಹತ್ತೋನಿಗೆ ಟೈಪ್ ಸಿ ಸರಿ, ಮೇಲೆ ತಿರುಗಿಕೊಂಡು ಬಾಗಿಕೊಂಡು ಕೊಯ್ಯೋವಾಗ ಗರಗಸ ಕಾಲಿನ ಯಾವ ಪಕ್ಕಕ್ಕೆ ಬರುತ್ತೆ ಅಂತ ಹೇಳಕ್ಕಾಗಲ್ಲ. ಸೆಕೆಯಾಗುತ್ತೆ, ಅದನ್ನ ತಡ್ಕೋಬೇಕು. ಕ್ಲಾಸ್ 1 ಅಂದ್ರೆ ಸೆಕೆಂಡಿಗೆ 20 ಮೀಟರ್ ಚೈನ್ ವೇಗದಲ್ಲಿ ಟೆಸ್ಟ್ ಆಗಿರೋದು, ಕ್ಲಾಸ್ 2 ಅಂದ್ರೆ 24 ಮೀಟರ್. ದೊಡ್ಡ ಮಷಿನ್ ಫುಲ್ ರೇಸಲ್ಲಿ ಇದಕ್ಕಿಂತ ಜೋರಾಗೂ ಓಡಬಹುದು, ಹಾಗಾಗಿ ಪ್ಯಾಂಟ್ ಹಾಕಿದೀನಿ ಅಂತ ಧೈರ್ಯ ಬೇಡ. ಒಳಗಿನ ನಾರಿಗೆ ಚೈನ್ ತಾಗಿದ್ರೆ ಆ ಪ್ಯಾಂಟ್ ಕಥೆ ಮುಗೀತು, ಹೊಲಿದು ಹಾಕ್ಕೋಬೇಡಿ, ಯಾಕಂದ್ರೆ ಹೊಲಿಗೆ ನಾರನ್ನ ಕಟ್ಟಿ ಹಾಕುತ್ತೆ, ಆಮೇಲೆ ಅದು ಎಳ್ಕೊಂಡು ಬರಲ್ಲ. ಒಗೆಯೋವಾಗ ಬ್ಲೀಚ್, ಫ್ಯಾಬ್ರಿಕ್ ಕಂಡೀಷನರ್ ಎರಡೂ ಹಾಕ್ಬೇಡಿ, ಆದ್ರೆ ಒಗೀರಿ, ಎಣ್ಣೆ ಹೀರಿ ಗಟ್ಟಿಯಾದ ಪ್ಯಾಂಟೂ ಸರಿಯಾಗಿ ಕೆಲಸ ಮಾಡಲ್ಲ.

ಇನ್ನು ಹಗ್ಗ. ಹತ್ತೋ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪ, ಉದ್ದ 45 ಮೀಟರ್ ಇದ್ರೆ ಬಹಳಷ್ಟು ಮರಕ್ಕೆ ಆಗುತ್ತೆ, ಎತ್ತರದ ಮರ ಜಾಸ್ತಿ ಸಿಗೋದಾದ್ರೆ 60. ಒಂದು ವಿಷ್ಯ ಮರೀಬೇಡಿ, ಹಗ್ಗವನ್ನ ಕೊಂಬೆ ಮೇಲೆ ಹಾಕಿ ಎರಡು ಎಳೆಯಲ್ಲಿ ಹತ್ತೋರಿಗೆ 45 ಮೀಟರ್ ಹಗ್ಗ 22 ಮೀಟರ್ ಎತ್ತರಕ್ಕೇ ಮುಗಿಯುತ್ತೆ. ತುದಿಯಲ್ಲಿ ಯಾವಾಗ್ಲೂ ಗಂಟು ಹಾಕಿಡಿ. ಕೊಂಬೆಗೆ ನೇರ ಹಗ್ಗ ಹಾಕ್ದೆ ಹಗ್ಗ ಉಜ್ಜದಂಗೆ ತಡೆಯೋ, ರಿಂಗಿರೋ ಪಟ್ಟಿ ಅಂದ್ರೆ ಫ್ರಿಕ್ಷನ್ ಸೇವರ್ ಹಾಕಿದ್ರೆ ಮರದ ತೊಗಟೆನೂ ಉಳಿಯುತ್ತೆ, ಹಗ್ಗದ ಆಯಸ್ಸೂ ಜಾಸ್ತಿ, ಒಂದು ಹಗ್ಗ ಉಳಿಸೋದ್ರಲ್ಲೇ ಅದರ ದುಡ್ಡು ವಾಪಸ್ ಬರುತ್ತೆ. ಪ್ರೂಸಿಕ್ ತರದ, ಅಂದ್ರೆ ಮೇನ್ ಹಗ್ಗದ ಮೇಲೆ ಜಾರಿಸಬಹುದಾದ, ಭಾರ ಬಿದ್ರೆ ಬಿಗಿಯೋ ಗಂಟಿಗೆ ಬಳಸೋ ಸಣ್ಣ ಹಗ್ಗ ಇದೆಯಲ್ಲ, ಅದನ್ನ ನಾನು ಸಾಮಾನು ಅಂತ ಲೆಕ್ಕ ಹಾಕೋದೇ ಇಲ್ಲ, ಪೆಟ್ರೋಲ್ ತರ ಮುಗಿದು ಹೋಗೋ ವಸ್ತು ಅಂತಲೇ ಇಟ್ಕೊಂಡಿದೀನಿ. ಇಳಿಯೋವಾಗ ಉಜ್ಜಿ ಬಿಸಿಯಾಗಿ ಮಿರಮಿರ ಹೊಳೆಯಕ್ಕೆ ಶುರುವಾಗುತ್ತೆ, ಆ ಹೊಳಪು ಬಂತಂದ್ರೆ ಮೇಲಿನ ನಾರು ಕರಗಿ ಗಟ್ಟಿಯಾಗಿದೆ ಅಂತ, ತೆಗೆದು ಎಸೀರಿ. ಬಿಸಿ ತಡ್ಕೊಳ್ಳೋ ಅರಾಮಿಡ್ ನಾರು ಇರೋದೇ ತಗೊಂಡು ಒಂದೆರಡು ಎಕ್ಸ್ಟ್ರಾ ಬ್ಯಾಗಲ್ಲಿ ಇಡಿ.

ಸೊಂಟದ ಲ್ಯಾನ್ಯಾರ್ಡ್, ಅಂದ್ರೆ ಮರಕ್ಕೆ ಸುತ್ತಿ ಕಟ್ಕೊಳ್ಳೋ ಗಿಡ್ಡ ಹಗ್ಗ ಕೂಡ ಬೇಕು. ಗರಗಸ ಓಡಿಸೋವಾಗ ಮೇನ್ ಹಗ್ಗ ಒಂದು, ಲ್ಯಾನ್ಯಾರ್ಡ್ ಒಂದು, ಎರಡು ಕಡೆ ಕಟ್ಕೊಂಡಿರ್ಬೇಕು, ಒಂದನ್ನ ಕೊಯ್ದುಬಿಟ್ರೂ ಇನ್ನೊಂದು ಇರುತ್ತೆ. ಒಳಗೆ ಸ್ಟೀಲ್ ತಂತಿ ಇರೋ ಲ್ಯಾನ್ಯಾರ್ಡ್ ಬೇಗ ತುಂಡಾಗಲ್ಲ, ಆದ್ರೆ ಕರೆಂಟ್ ತಂತಿ ಹತ್ರ ಅದೇ ಅಪಾಯ. ಕಾಲಿಗೆ ಕಟ್ಟೋ ಮುಳ್ಳು ಪೂರ್ತಿ ಕಡಿದು ತೆಗೆಯೋ ಮರಕ್ಕೆ ಮಾತ್ರ. ಬದುಕಬೇಕಾದ ಮರಕ್ಕೆ ಮುಳ್ಳು ಹಾಕಿ ಹತ್ತೋದು ಗಿಡದ ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಂಡು ಮೈ ತುಂಬಾ ಗಾಯ ಮಾಡಿ ಬಂದಂಗೆ.

ಬಟ್ಟೆ, ಹಗ್ಗದಂಥ ಸಾಮಾನಿಗೆ ಕಂಪನಿಯವರು ಗರಿಷ್ಠ 10 ವರ್ಷ ಅಂತ ಬರೆದಿರೋದನ್ನ ನೋಡಿ ಹಿಗ್ಗಬೇಡಿ, ದಿನಾ ಹತ್ತೋನ ಕೈಲಿ ಅದು ಅಷ್ಟು ಬಾಳಲ್ಲ. ಪ್ರತಿ ದಿನ ಹತ್ತೋಕೆ ಮುಂಚೆ ಹಗ್ಗವನ್ನ ಪೂರ್ತಿ ಬೆರಳ ಸಂದಿಂದ ಎಳೆದು ನೋಡಿ, ಕಣ್ಣಿಗೆ ಕಾಣ್ದೇ ಇರೋದು ಬೆರಳಿಗೆ ಸಿಗುತ್ತೆ. ಒಂದು ಕಡೆ ಮೆತ್ತಗಾಗಿದ್ರೆ, ಚಪ್ಪಟೆ ಆಗಿದ್ರೆ, ಒಳಗಿನ ತಿರುಳು ಹೊರಗೆ ಬಂದಿದ್ರೆ ಆ ಜಾಗ ಇಟ್ಕೊಂಡು ಹತ್ತಬೇಡಿ. ತುದಿ ಹತ್ರ ಮಾತ್ರ ಹಾಳಾಗಿದ್ದು ಮಿಕ್ಕಿದ್ದು ಚೆನ್ನಾಗಿದ್ರೆ ಅಷ್ಟನ್ನ ಕತ್ತರಿಸಿ ಚಿಕ್ಕ ಮರಕ್ಕೆ ಇಟ್ಕೊಳ್ಳಿ. ಗಾಡಿಯಲ್ಲಿ ಹಗ್ಗದ ಬ್ಯಾಗ್ ಪಕ್ಕ ಪೆಟ್ರೋಲ್ ಕ್ಯಾನ್ ಇಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಬ್ಯಾಟರಿ ಆಸಿಡ್ ಅಂತೂ ಗುರುತೇ ಇಲ್ದಂಗೆ ಹಗ್ಗ ತಿನ್ನುತ್ತೆ.

ಇನ್ನೊಂದು ಸೆಟ್ ಹತ್ತೋ ಸಾಮಾನು ಕೆಳಗಿರ್ಬೇಕು, ಅದನ್ನ ಬಳಸಿ ಹತ್ತಿ ನಿಮ್ಮನ್ನ ಇಳಿಸಕ್ಕೆ ಬರೋ ಮನುಷ್ಯನೂ ಇರ್ಬೇಕು. ಡಬಲ್ ಖರ್ಚು ಅಂತ ಗೊಣಗ್ತಾರೆ, ನಾನೂ ಗೊಣಗಿದ್ದೆ. ಮೇಲೆ ಕೈ ಕೊಯ್ಕೊಂಡೋನ ಹಗ್ಗ ಮೇಲೇ ಇರುತ್ತೆ ಅಲ್ವಾ, ಕೆಳಗಿರೋನು ಏನು ಹಿಡ್ಕೊಂಡು ಹತ್ತಬೇಕು? ರಕ್ತ ನಿಲ್ಲಿಸೋ ದೊಡ್ಡ ಬ್ಯಾಂಡೇಜು, ಕೈಕಾಲು ಬಿಗಿದು ರಕ್ತ ತಡೆಯೋ ಪಟ್ಟಿ ಅಂದ್ರೆ ಟೂರ್ನಿಕೆ ಹತ್ತೋನ ಹಾರ್ನೆಸ್ಸಲ್ಲೇ ಇರ್ಲಿ. ಗಾಡಿಯಲ್ಲಿರೋ ಫಸ್ಟ್ ಏಡ್ ಡಬ್ಬಿ ಮೇಲೆ ಕೂತೋನಿಗೆ ಇದ್ದೂ ಇಲ್ಲದಂಗೆ.

ಮರ ಕಡಿಯೋ ಸಾಮಾನು

ಮರದ ಮೇಲೆ ಟಾಪ್ ಹ್ಯಾಂಡಲ್, ಅಂದ್ರೆ ಹಿಡಿ ಮೇಲಿರೋ ಚಿಕ್ಕ ಮಷಿನ್, ನೆಲದ ಮೇಲೆ ಹಿಂದೆ ಹಿಡಿ ಇರೋ ದೊಡ್ಡ ಮಷಿನ್. ಟಾಪ್ ಹ್ಯಾಂಡಲನ್ನ ನೆಲದ ಮೇಲೆ ಒಂದು ಕೈಯಲ್ಲಿ ಹಿಡ್ಕೊಂಡು ಕತ್ತಿ ಬೀಸ್ದಂಗೆ ಬೀಸೋರನ್ನ ನೋಡಿದ್ರೆ ಮೈ ಝುಂ ಅನ್ನುತ್ತೆ. ಇದರ ಜೊತೆ ಎಳೆದಾಗ ಕೊಯ್ಯೋ ಬಾಗಿದ ಕೈಗರಗಸ ಇರ್ಲೇಬೇಕು, ಮಣಿಕಟ್ಟು ದಪ್ಪದ ಕೊಂಬೆಗೆ ಮಷಿನ್ ಸ್ಟಾರ್ಟ್ ಮಾಡೋದ್ರೊಳಗೆ ಇದು ಮುಗಿಸಿರುತ್ತೆ. ಇದರ ಹಲ್ಲನ್ನ ಬಿಸಿ ಕೊಟ್ಟು ಗಟ್ಟಿ ಮಾಡಿರೋದಾದ್ರೆ ಅರ ಹಿಡಿಯಲ್ಲ, ಬ್ಲೇಡನ್ನೇ ಬದಲಾಯಿಸ್ಬೇಕು, ಅದೂ ಖರ್ಚಿನ ಪಟ್ಟಿಗೆ.

ಟೂ ಸ್ಟ್ರೋಕ್ ಮಷಿನ್ನಿಗೆ ಸಾಮಾನ್ಯವಾಗಿ 50ಕ್ಕೆ 1, ಅಂದ್ರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 5 ಲೀಟರಿಗೆ 100 ಮಿಲಿ. ಮಷಿನ್ ಪುಸ್ತಕದಲ್ಲಿ ಬೇರೆ ಬರೆದಿದ್ರೆ ಅದೇ ಸರಿ. ಒಂದ್ಸಲ ಅವಸರದಲ್ಲಿ ಬರೀ ಪೆಟ್ರೋಲ್ ಹಾಕಿ ಓಡಿಸಿದೆ, ಸ್ವಲ್ಪ ಹೊತ್ತಿಗೇ ಕೀಚಲು ಸದ್ದು ಬಂದು ನಿಂತುಹೋಯ್ತು, ಬಿಚ್ಚಿ ನೋಡಿದ್ರೆ ಪಿಸ್ಟನ್ ತುಂಬಾ ಗೀರು. ಆವತ್ತಿಂದ ಮಿಕ್ಸ್ ಮಾಡಿದ ಕ್ಯಾನಿಗೆ ಕೆಂಪು ಟೇಪ್ ಸುತ್ತಿ ತಾರೀಕು ಬರೀತೀನಿ. ತಾರೀಕು ಯಾಕೆ ಅಂದ್ರೆ ಎಥನಾಲ್ ಸೇರಿರೋ ಪೆಟ್ರೋಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ಒಂದು ತಿಂಗಳಿಗಾಗೋಷ್ಟೇ ಮಿಕ್ಸ್ ಮಾಡ್ಕೊಳ್ಳೋದು ಒಳ್ಳೇದು.

ಚೈನಿಗೆ ಹಾಕೋ ಬಾರ್ ಆಯಿಲ್ಲನ್ನ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಅದು ಸುಟ್ಟು ಹೋಗಲ್ಲ, ಚೈನ್ ಜೊತೆ ಹಾರಿ ಮಣ್ಣಿಗೆ ಹೋಗುತ್ತೆ, ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯೋಷ್ಟರಲ್ಲಿ ಇದೂ ಹೆಚ್ಚುಕಮ್ಮಿ ಒಂದು ಟ್ಯಾಂಕ್. ಪೆಟ್ರೋಲ್ ಹಾಕಿದಾಗೆಲ್ಲ ಇದನ್ನೂ ತುಂಬ್ಸಿ. ಗಾಡಿಯಿಂದ ತೆಗೆದ ಕರೀ ವೇಸ್ಟ್ ಆಯಿಲ್ ಹಾಕಿ ಉಳಿಸ್ತೀನಿ ಅನ್ನೋರಿದಾರೆ, ಅದರಲ್ಲಿರೋ ಲೋಹದ ಪುಡಿ ಬಾರ್ ತಿನ್ನುತ್ತೆ, ಪಂಪ್ ಕಟ್ಟುತ್ತೆ, ನಿಮ್ಮ ಮೈಗೂ ಹಾರುತ್ತೆ. ಉಳಿಯೋದೇನೂ ಇಲ್ಲ.

ದುಡ್ಡು ನಿಜವಾಗ್ಲೂ ಉಳಿಯೋದು ಅರದಲ್ಲಿ. ಹರಿತ ಇದ್ರೆ ಗರಗಸ ಚಕ್ಕೆ ಚಕ್ಕೆಯಾಗಿ ಉಗುಳುತ್ತೆ, ಮೊಂಡಾದ್ರೆ ಹಿಟ್ಟಿನಂಥ ಪುಡಿ. ಪುಡಿ ಬರ್ತಿದ್ದೂ ಒತ್ತಿ ಒತ್ತಿ ಕೊಯ್ತಿದ್ರೆ ಪೆಟ್ರೋಲೂ ಜಾಸ್ತಿ, ಬಾರೂ ಬಿಸಿ, ತೋಳೂ ನೋವು, ಜೊತೆಗೆ ಟೈಮು. ಪೆಟ್ರೋಲ್ ತುಂಬ್ಸೋಕೆ ಇಳಿದಾಗೆಲ್ಲ ಹಲ್ಲಿಗೆ ಎರಡು ಮೂರು ಉಜ್ಜು ಕೊಟ್ರೆ ಸಾಕು, ಪೂರ್ತಿ ಮೊಂಡಾಗೋವರೆಗೂ ಬಿಟ್ರೆ ಹಲ್ಲು ಸುಮ್ನೆ ಸವೆಸ್ಬೇಕಾಗುತ್ತೆ. ಅರದ ದಪ್ಪ ಚೈನಿನ ಅಳತೆಗೆ (3/8, .325 ಅಂತ ಇಂಚಲ್ಲಿ ಬರೀತಾರೆ) ತಕ್ಕಂಗೆ: ಚಿಕ್ಕ ಮಷಿನ್ನಿನ 3/8 ಲೋ ಪ್ರೊಫೈಲ್ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರ್, .325 ಚೈನಿಗೆ 4.8, ದೊಡ್ಡ 3/8ಕ್ಕೆ 5.2 ಇಲ್ಲಾ 5.5, ಚೈನ್ ಡಬ್ಬಿ ಮೇಲೇ ಬರೆದಿರುತ್ತೆ. ನಾಲ್ಕೈದು ಸಲ ಅರ ಹಿಡಿದ ಮೇಲೆ ಹಲ್ಲು ಎಷ್ಟು ಆಳ ಕೊಯ್ಯಬೇಕು ಅಂತ ತಡೆಯೋ, ಹಲ್ಲಿನ ಮುಂದಿರೋ ಡೆಪ್ತ್ ಗೇಜನ್ನೂ ಇಳಿಸ್ಬೇಕು, ಬಹಳ ಚೈನಿಗೆ ಅದು ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗೆ, ಅಳತೆ ಪಟ್ಟಿ ಇಟ್ಕೊಂಡೇ ಮಾಡಿ, ಜಾಸ್ತಿ ಇಳಿಸಿದ್ರೆ ಗರಗಸ ಎಗರುತ್ತೆ. ಬಾರನ್ನ ಆಗಾಗ ತಿರುಗಿಸಿ ಹಾಕಿ, ಎರಡೂ ಅಂಚು ಸಮ ಸವೆಯುತ್ತೆ. ಸ್ಪ್ರಾಕೆಟ್ ಎರಡು ಚೈನಿಗೆ ಒಂದ್ಸಲ ಬದಲಾಯಿಸಿ. ಸವೆದ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದ್ರೆ ಹೊಸದೂ ಬೇಗ ಹಾಳಾಗುತ್ತೆ, ಅದಕ್ಕೆ ಎರಡು ಮೂರು ಚೈನ್ ಒಟ್ಟಿಗೆ ತಗೊಂಡು ಸರದಿ ಮೇಲೆ ಹಾಕಿ ಎಲ್ಲಾ ಸಮ ಸವೆಸೋದು ನನ್ನ ಪದ್ಧತಿ.

ಬ್ಯಾಟರಿ ಗರಗಸ ಮರದ ಮೇಲೆ ಬಹಳ ಸುಖ, ಸದ್ದು ಕಮ್ಮಿ, ಹೊಗೆ ಇಲ್ಲ. ಆದ್ರೆ ಮಷಿನ್ ಬೆಲೆ ನೋಡಿ ಮರುಳಾಗ್ಬೇಡಿ, ಒಂದು ದಿನಕ್ಕಾಗೋಷ್ಟು ಬ್ಯಾಟರಿ ಮತ್ತೆ ಚಾರ್ಜರ್ ಸೇರ್ಸಿ ಲೆಕ್ಕ ಹಾಕಿ.

ದಿಮ್ಮಿ ಇಳಿಸೋ ಸಾಮಾನೇ ಬೇರೆ: ದಪ್ಪ ಹಗ್ಗ, ಬ್ಲಾಕ್ ಅಂದ್ರೆ ರಾಟೆ, ಅದನ್ನ ಮರಕ್ಕೆ ಕಟ್ಟೋ ಸ್ಲಿಂಗ್, ಕೆಳಗೆ ಕಟ್ಟಿ ತಡೆಯೋ ಬೊಲ್ಲಾರ್ಡ್. ಹತ್ತೋ ಹಗ್ಗದಲ್ಲಿ ದಿಮ್ಮಿ ಇಳಿಸ್ಬಾರ್ದು, ದಿಮ್ಮಿ ಹಗ್ಗದಲ್ಲಿ ಹತ್ತಬಾರ್ದು, ಬಣ್ಣ ಬೇರೆ ಬೇರೆ ಇಟ್ರೆ ಅದಲುಬದಲಾಗಲ್ಲ. ಸುಮ್ನೆ ನೇತಾಡೋ 100 ಕೆಜಿ ದಿಮ್ಮಿ ಮೇಲಿನ ಬ್ಲಾಕಿಗೆ ಹೆಚ್ಚುಕಮ್ಮಿ 200 ಕೆಜಿ ಭಾರ ಕೊಡುತ್ತೆ, ಯಾಕಂದ್ರೆ ಹಗ್ಗದ ಎರಡೂ ಕಡೆ ಎಳೀತಿರುತ್ತೆ. ಅದೇ ಬಿದ್ದು ಜರ್ಕ್ ಹೊಡೆದ್ರೆ ಅದರ ಎಷ್ಟೋ ಪಟ್ಟು. ಅದಕ್ಕೇ ಹಗ್ಗ ತುಂಡಾಗೋ ಭಾರದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕ್ಬಾರ್ದು ಅನ್ನೋದು.

ಕೊಂಬೆ ಪುಡಿ ಮಾಡೋ ಚಿಪ್ಪರ್ ಅಂತೂ ದೊಡ್ಡ ಹೊಟ್ಟೆ. ಮಣ್ಣಲ್ಲಿ ಎಳ್ಕೊಂಡು ಬಂದ ಕೊಂಬೆ ಹಾಕಿದ್ರೆ ಬ್ಲೇಡ್ ಒಂದೇ ದಿನಕ್ಕೆ ಮೊಂಡು, ಆಮೇಲೆ ಡೀಸೆಲ್ ಕುಡಿಯುತ್ತೆ, ಬೆಲ್ಟ್ ಜಾರುತ್ತೆ. ಕೊಂಬೇನ ಎತ್ಕೊಂಡು ಬನ್ನಿ ಅಂತ ಕೆಳಗಿರೋರಿಗೆ ಹೇಳಿ. ತಗೊಳ್ಳೋಕೆ ಮುಂಚೆ ಇದು ಮಾಡಿ: ಸಾಲದ ಕಂತು, ಬ್ಲೇಡು, ಸರ್ವಿಸು ಸೇರಿ ವರ್ಷದ ಖರ್ಚನ್ನ ಒಂದು ದಿನದ ಬಾಡಿಗೆಯಿಂದ ಭಾಗ್ಸಿ. ಉತ್ತರ 40 ಬಂದು, ನಿಮಗೆ ವರ್ಷಕ್ಕೆ 25 ದಿನ ಮಾತ್ರ ಬೇಕಿದ್ರೆ ಬಾಡಿಗೆಗೇ ತನ್ನಿ.

ಒಂದು ವಸ್ತು ಮಾತ್ರ ತಗೊಳ್ಳಲೇಬೇಡಿ, ಕೊಯ್ದ ಗಾಯಕ್ಕೆ ಬಳಿಯೋ ಬಣ್ಣ. ಅಲೆಕ್ಸ್ ಶೈಗೋ ಅನ್ನೋ ಅಮೆರಿಕದ ವಿಜ್ಞಾನಿ ಸಾವಿರಾರು ಮರ ಸೀಳಿ ನೋಡಿ, ಮರ ಗಾಯವನ್ನ ಒಳಗಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತೆ, ಬಣ್ಣ ಕೊಳೆಯೋದನ್ನ ತಡೆಯಲ್ಲ ಅಂತ ತೋರಿಸಿ ಎಷ್ಟೋ ಕಾಲ ಆಯ್ತು. ಕೆಲವು ರೋಗ ಹರಡೋ ಕಡೆ ಮಾತ್ರ ಬೇರೆ ಸಲಹೆ ಇರುತ್ತೆ. ಆ ದುಡ್ಡಲ್ಲಿ 70 ಪರ್ಸೆಂಟ್ ಆಲ್ಕೋಹಾಲ್ ತಗೊಂಡು ರೋಗ ಇರೋ ಮರ ಮುಗಿಸಿದ ಮೇಲೆ ಗರಗಸ ಒರೆಸಿ.

ಲೆಕ್ಕ

ವರ್ಷಕ್ಕೆ 365 ದಿನ, ವಾರಕ್ಕೆರಡು ರಜಾ ತೆಗೆದ್ರೆ 261. ಮಳೆ ಗಾಳಿಗೆ 35, ಹಬ್ಬ ಹುಷಾರಿಲ್ಲ ಅಂತ 20, ಮರ ನೋಡಿ ರೇಟ್ ಹೇಳೋಕೆ ಓಡಾಡಿದ್ದು ಮತ್ತೆ ರಿಪೇರಿ ಸೇರಿ 40 ಅಂದ್ಕೊಳ್ಳಿ, ದುಡ್ಡು ಬರೋ ದಿನ 166 ಉಳೀತು. ನಿಮ್ಮ ಅಂಕಿ ಬೇರೆ ಇರಬಹುದು, ಆದ್ರೆ ಇನ್ಶೂರೆನ್ಸು, ಗಾಡಿ, ಸಾಲದ ಕಂತು ಎಲ್ಲಾ ಭಾಗ್ಸಬೇಕಾಗಿರೋದು 365ರಿಂದ ಅಲ್ಲ, ಈ ಚಿಕ್ಕ ಸಂಖ್ಯೆಯಿಂದ. ಸಾಮಾನಿಗೂ ಹಾಗೇ, ಹಗ್ಗ 200 ಹತ್ತೋ ದಿನ ಬಂದ್ರೆ ಬೆಲೆಯ 200ನೇ ಒಂದು ಭಾಗ ಇವತ್ತಿನ ಖರ್ಚು, ಚೈನ್ 15 ದಿನ ಬಂದ್ರೆ 15ನೇ ಒಂದು ಭಾಗ. ಈ ದಿನಗಳ ಲೆಕ್ಕ ಅಂಗಡಿಯವನು ಹೇಳಲ್ಲ, ನೀವೇ ಬರೆದಿಡ್ಬೇಕು. ನನ್ನ ಹತ್ರ ಒಂದು ನೋಟ್‌ಬುಕ್ ಇದೆ, ಪ್ರತಿ ಸಾಮಾನಿಗೂ ಒಂದು ಪುಟ, ತಗೊಂಡ ತಾರೀಕು, ಚೆಕ್ ಮಾಡಿದ ತಾರೀಕು, ಎಸೆದ ತಾರೀಕು ಮತ್ತೆ ಯಾಕೆ ಎಸೆದೆ ಅಂತ. ಸೇಫ್ಟಿಗೆ ಅಂತ ಶುರು ಮಾಡಿದ್ದು, ಈಗ ರೇಟ್ ಹೇಳೋಕೆ ಮುಂಚೆ ತೆಗೆದು ನೋಡೋದು ಅದನ್ನೇ.

ದಿನದ ಕೊನೆಗೆ ಗಿರಾಕಿ ದುಡ್ಡು ಕೊಟ್ಟ ತಕ್ಷಣ ಆ ಸವೆತದ ಪಾಲು ಬೇರೆ ಅಕೌಂಟಿಗೆ ಹಾಕ್ತೀನಿ, ಮನೆ ಖರ್ಚಿಗೆ ಅದು ಕಣ್ಣಿಗೇ ಬೀಳಬಾರ್ದು. ಪಕ್ಕದವನು ಕಮ್ಮಿ ರೇಟಿಗೆ ಮಾಡ್ತಾನೆ ಅಂತ ಗಿರಾಕಿ ಅಂದ್ರೆ ನಾನು ಕೂಲಿಯಲ್ಲಿ ಸ್ವಲ್ಪ ಬಿಡಬಹುದು, ಕೊಂಬೆ ಸಾಗಿಸೋದು ನಿಮ್ದೇ ಅಂತ ಹೇಳಿ ಕಮ್ಮಿ ಮಾಡಬಹುದು, ಆ ಪಾಲನ್ನ ಮಾತ್ರ ಮುಟ್ಟಲ್ಲ. ಅದು ಮುಂದಿನ ಹಗ್ಗದ ದುಡ್ಡು.