ಪಟ್ಟೆ ಎಲ್ಲಿಂದ ಶುರುವಾಗುತ್ತದೆ?

ಚಿಕ್ಕ ಹಾವುಗಳನ್ನು ಗುರುತಿಸಲು ಕಲಿಯುವಾಗ ಮೊದಲ ವರ್ಷ ನಾನು ಮೈಬಣ್ಣವನ್ನೇ ನಂಬಿದ್ದೆ. ಕಪ್ಪು ಮೈಗೆ ಬಿಳಿ ಪಟ್ಟೆ ಇದ್ದರೆ ಕಟ್ಟು ಹಾವು, ಕಂದು ಮೈಯಾದರೆ ತೋಳ ಹಾವು. ಅಷ್ಟೇ ನನ್ನ ಲೆಕ್ಕ. ಒಂದು ರಾತ್ರಿ ಗೋಡೆಯ ಬುಡದಲ್ಲಿ ಮೊಳದುದ್ದದ ಮರಿಯೊಂದು ಹರಿದು ಹೋಯಿತು. ಟಾರ್ಚಿನ ಹಳದಿ ಬೆಳಕಿಗೆ ಕಂದಾಗಿ ಕಂಡಿತು. ವಿಷವಿಲ್ಲದ ತೋಳ ಹಾವು ಎಂದು ಬರೆದುಕೊಂಡು ಮಲಗಿದೆ. ಬೆಳಿಗ್ಗೆ ಫೋಟೊ ದೊಡ್ಡದು ಮಾಡಿ ನೋಡಿದರೆ ಎದೆ ಝಲ್ ಎಂದಿತು. ಅದು ಕಡು ವಿಷದ ಕಟ್ಟು ಹಾವಿನ ಮರಿ.

ಅವತ್ತಿನಿಂದ ಬಣ್ಣವನ್ನು ಪಕ್ಕಕ್ಕಿಟ್ಟು, ಪಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮಾಸುತ್ತದೆ ಎಂದು ನೋಡತೊಡಗಿದೆ. ತೋಳ ಹಾವಿನ ಪಟ್ಟೆ ಕುತ್ತಿಗೆಯಿಂದಲೇ ಶುರು. ಅಲ್ಲಿ ಅಗಲವಾಗಿ ಎದ್ದು ಕಾಣುತ್ತದೆ, ಬಾಲದ ಕಡೆ ಹೋಗುತ್ತಾ ಮಾಸುತ್ತದೆ. ಪಕ್ಕೆಯ ಹತ್ತಿರ ಪಟ್ಟೆ ಕವಲೊಡೆಯುತ್ತದೆ. ಕಟ್ಟು ಹಾವಿನದು ತಿರುಗುಮುರುಗು. ಕುತ್ತಿಗೆಯ ಹತ್ತಿರ ಏನೂ ಇರುವುದಿಲ್ಲ, ಇಲ್ಲವೇ ಬರೀ ಚುಕ್ಕಿ ಇರುತ್ತದೆ. ಬಾಲದ ಕಡೆ ಹೋದಂತೆ ಸಣ್ಣ ಬಿಳಿ ಗೆರೆಗಳು, ಸಾಮಾನ್ಯವಾಗಿ ಜೋಡಿಜೋಡಿಯಾಗಿ, ಸ್ಪಷ್ಟವಾಗುತ್ತವೆ.

ಇದೂ ಪೂರ್ತಿ ಸಾಲದು. ಕಟ್ಟು ಹಾವಿನ ಮರಿಗಳಲ್ಲಿ ಮುಂಭಾಗದ ಗುರುತುಗಳೂ ಚೆನ್ನಾಗಿ ಕಾಣಬಹುದು. ಪಟ್ಟೆಯೇ ಇಲ್ಲದ, ಬರೀ ಕಪ್ಪು ಕಟ್ಟು ಹಾವುಗಳೂ ಇವೆ. ಹಾಗಾಗಿ ಫೋಟೊದಲ್ಲಿ ಬೆನ್ನಿನ ನಡುಸಾಲು ಹುಡುಕುತ್ತೇನೆ. ಕಟ್ಟು ಹಾವಿಗೆ ಅಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲಿರುತ್ತದೆ. ತೋಳ ಹಾವಿಗೆ ಆ ಸಾಲು ಉಳಿದವುಗಳಷ್ಟೇ ಚಿಕ್ಕದು. ನಾನು ಹೆಚ್ಚು ನಂಬುವುದು ಇದನ್ನೇ. ಆದರೆ ಇದನ್ನು ನೋಡಲು ಹತ್ತಿರ ಹೋಗುವ ಮಾತೇ ಇಲ್ಲ. ಆರಡಿ ದೂರ ನಿಂತು, ಝೂಮ್ ಮಾಡಿ, ಕುತ್ತಿಗೆಯಿಂದ ಬಾಲದ ತುದಿವರೆಗೆ ಬರುವಂತೆ ಮೂರು ನಾಲ್ಕು ಫೋಟೊ ತೆಗೆಯುತ್ತೇನೆ. ಕಟ್ಟು ಹಾವು ಕಚ್ಚಿದರೆ ನೋವು, ಊತ ಜಾಸ್ತಿ ಇರುವುದಿಲ್ಲ. ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದೆ ಹೋಗಬಹುದು. ಅದಕ್ಕೇ ನನಗೆ ಇಷ್ಟು ಭಯ. ಗುರುತು ಸಿಗದಿದ್ದರೆ ವಿಷದ್ದು ಎಂದೇ ಎಣಿಸುತ್ತೇನೆ.

ಉಳಿದವು ಇಷ್ಟು ಕಾಡಲಿಲ್ಲ. ನೀರು ಹಾವಿನ ಮರಿಗೆ ಕಣ್ಣಿನ ಕೆಳಗೊಂದು, ಹಿಂದೊಂದು ಓರೆ ಕಪ್ಪು ಗೆರೆ. ಕೇರೆ ಹಾವಿನ ಮರಿಯ ತುಟಿ ಮೇಲೆ ನಿಂತ ಕಪ್ಪು ಗೆರೆಗಳು, ಮತ್ತೆ ದೊಡ್ಡ ದುಂಡು ಕಣ್ಣು. ಗರಗಸ ಮಂಡಲದ ತಲೆ ಮೇಲೆ ಹಕ್ಕಿಯ ಹೆಜ್ಜೆಯಂಥ ಗುರುತು. ಬೆಕ್ಕು ಕಣ್ಣಿನ ಹಾವಿನ ತಲೆ ಮೇಲೂ ಕವಲಿನ ಗುರುತಿದೆ, ಜನ ಅದನ್ನು ಮಂಡಲವೆಂದು ಸುಮ್ನೆ ಹೊಡೆದು ಹಾಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಅದರ ಮೈ ನುಣುಪು, ಮಂಡಲದ ಮೈ ಒರಟು.

ಪೊರೆ ಬಿಡುವ ಮುಂಚೆ ಎಲ್ಲ ಹಾವಿನ ಬಣ್ಣವೂ ಮಂಕಾಗುತ್ತದೆ, ಕಣ್ಣು ನೀಲಿಗಟ್ಟುತ್ತದೆ. ಹಾಗಾಗಿ ನನ್ನ ಪುಸ್ತಕದಲ್ಲಿ ಈಗ ಬಣ್ಣದ ಹೆಸರು ಕೊನೆಗೆ ಬರುತ್ತದೆ. ಮೊದಲು ಎರಡು ಚಿತ್ರ ಬಿಡಿಸುತ್ತೇನೆ: ಒಂದು ಕುತ್ತಿಗೆಯದು, ಇನ್ನೊಂದು ಬಾಲದ್ದು.